ಸಾಲಿನ ಕೊನೆಯವನು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಸೊಸೆಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಮೊದಲು ಬೀಗಿತ್ತಿಯವರ ಸಮಾಚಾರ ಹೇಳು. ಸೊಂಟದ ಆಪರೇಷನ್ ಚೆನ್ನಾಗಿ ಆಯಿತು, ವಾಕರ್ ಹಿಡಿದು ಬಾಗಿಲತನಕ ನಡೆದರು ಎಂದು ನಿನ್ನ ಗಂಡ ಹೇಳಿದ. ಅವನ ಬಾಯಲ್ಲಿ ಯಾವ ಸುದ್ದಿಯೂ ಎರಡು ಮಾತಿಗಿಂತ ಉದ್ದ ಬರುವುದಿಲ್ಲ, ಹೆತ್ತವನು ನಾನು, ನನಗೆ ಗೊತ್ತು. ಆದ್ದರಿಂದ ನೀನೇ ಬರೆ. ನೋವು ಕಡಿಮೆಯಾಗಿದೆಯೆ, ನಿದ್ದೆ ಬರುತ್ತಿದೆಯೆ, ಡಾಕ್ಟರನ್ನು ಬೈಯುವಷ್ಟು ಶಕ್ತಿ ಬಂದಿದೆಯೆ. ಮಾತ್ರೆ ಕಹಿ ಎಂದು ದಿಂಬಿನ ಕೆಳಗೆ ಸೇರಿಸುವ ಅಭ್ಯಾಸ ಅವರಿಗಿದೆ ಎಂದು ನೀನೇ ಒಮ್ಮೆ ಹೇಳಿದ್ದೆ. ದಿಂಬು ಎತ್ತಿ ನೋಡುತ್ತಿರು. ನಿನ್ನ ಹೆಬ್ಬೆರಳಿಗೆ ತಂತಿ ಚುಚ್ಚಿದ ಗಾಯ ಮಾಯಿತೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ, ನೋವಿನ ಬಗ್ಗೆ ಅವಳ ಮಾತೂ ಹಾಗೇ ಇದೆ.

ಮೊನ್ನೆ ಫೋನಿನಲ್ಲಿ ನೀನು ಎರಡು ಪ್ರಶ್ನೆ ಕೇಳಿದೆ. "ಸಾಲು ಹೇಗೆ ನಿಂತಿದೆ ಮಾವ?" ಎಂಬುದೊಂದು. "ಹಿತ್ತಲ ಕೋಣೆ ಖಾಲಿ ಮಾಡಿಬಿಟ್ರಾ?" ಎಂಬುದು ಇನ್ನೊಂದು. ಎರಡನೆಯದನ್ನು ಕೇಳುವಾಗ ನಿನ್ನ ದನಿ ಸಣ್ಣದಾಗಿತ್ತು. ಪಕ್ಕದಲ್ಲೇ ನಿನ್ನ ಅತ್ತೆ ಬಟ್ಟೆ ಮಡಚುತ್ತಾ ಕೂತಿದ್ದಳು, ಅದಕ್ಕೇ ನಾನು ಬರೆದು ತಿಳಿಸುತ್ತೇನೆ ಎಂದು ಜಾರಿಕೊಂಡೆ. ಈಗ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಬೀಗಿತ್ತಿಯವರಿಗೆ ಓದಿ ಹೇಳು, ಮಲಗಿದ್ದವರಿಗೆ ಹೊತ್ತು ಹೋಗುತ್ತದೆ.

ನನ್ನ ಕೆಲಸ ಏನು ಎಂದು ಅವರು ಮದುವೆಯ ದಿನವೇ ಕೇಳಿದ್ದರು, ಆ ಗದ್ದಲದಲ್ಲಿ ನಾನು ಸರಿಯಾಗಿ ಹೇಳಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೋಣೆಯ ಗುಮಾಸ್ತ ನಾನು. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದದ್ದೆಲ್ಲ ಸಂಜೆ ನನ್ನ ಮೇಜಿಗೆ ಬರುತ್ತದೆ. ಕೊಡೆ, ಕನ್ನಡಕ, ಊಟದ ಕ್ಯಾರಿಯರ್, ಫ್ಲಾಸ್ಕ್, ಒಂಟಿ ಚಪ್ಪಲಿ. ಜನ ಒಂಟಿ ಚಪ್ಪಲಿಯನ್ನು ಹೇಗೆ ಬಿಟ್ಟು ಇಳಿಯುತ್ತಾರೆ ಎಂಬುದು ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ತಿಳಿದಿಲ್ಲ. ವಸ್ತು ತನ್ನದೆಂದು ಯಾರಾದರೂ ಬಂದರೆ, ಅದನ್ನು ತೋರಿಸದೆ ಮೂರು ಗುರುತು ಕೇಳುತ್ತೇನೆ. ಮೂರೂ ಸರಿಯಾದರೆ ಕೊಡುತ್ತೇನೆ. ವರ್ಷದೊಳಗೆ ಯಾರೂ ಬಾರದಿದ್ದರೆ ಒಳ್ಳೆಯದು ಹರಾಜಿಗೆ, ಮುರಿದದ್ದು ಗುಜರಿಗೆ. ಆ ಗುಜರಿಯ ಗುಡ್ಡೆಯ ಮುಂದೆ ನೀನು ಮೊದಲ ಸಲ ಕೂತ ದಿನ ನನಗೆ ನೆನಪಿದೆ. ನನಗೆ ಊಟದ ಡಬ್ಬಿ ಕೊಡಲು ಬಂದವಳು ಮುರಿದ ಕೊಡೆಯೊಂದನ್ನು ಎತ್ತಿ, ಬಿಚ್ಚಿ, ಮಡಚಿ, "ಮಾವ, ಇದರ ಬೆನ್ನುಮೂಳೆ ಇನ್ನೂ ಚೆನ್ನಾಗಿದೆ" ಎಂದೆ. ನಾನು ಅಂದು ನಕ್ಕೆ.

ಅಲ್ಲಿಂದಾಚೆಗಿನದು ಬೀಗಿತ್ತಿಯವರಿಗೂ ಗೊತ್ತು. ಗುಜರಿಯ ಚೀಲಗಳು ಒಂದೊಂದಾಗಿ ನಮ್ಮ ಹಿತ್ತಲ ಕೋಣೆಗೆ ಬಂದವು. ಕಿಟಕಿಯಿಲ್ಲದ ಆ ಕೋಣೆಯ ನೆಲದಲ್ಲಿ ಒಂದು ಬಲ್ಬಿನ ಕೆಳಗೆ ಕಾಲು ಚಾಚಿ ಕೂತು ನೀನು ಏಳು ಆಳೆತ್ತರದ ಬೊಂಬೆಗಳನ್ನು ಕಟ್ಟಿದೆ. ಕೊಡೆಯ ಕೋಲು ಬೆನ್ನು, ಕ್ಯಾರಿಯರ್ ಹೊಟ್ಟೆ, ಒಂಟಿ ಚಪ್ಪಲಿಗಳು ಪಾದ. ಬೀಗದ ಕೈಗಳ ಗೊಂಚಲು ಒಬ್ಬಳ ಜಡೆಯಾಯಿತು. ಏಳು ಜನರ ಒಂದು ಸಾಲು. ಅದನ್ನು ಟಿಕೆಟ್ ಕಿಟಕಿಯ ಪಕ್ಕದ ಗೋಡೆಗೆ ನಿಲ್ಲಿಸಲು ನಮ್ಮ ವ್ಯವಸ್ಥಾಪಕರು ಒಪ್ಪಿದ್ದೇ ದೊಡ್ಡದು. ಎಲ್ಲದಕ್ಕೂ ಸುತ್ತೋಲೆ ತೆಗೆದು ಓದುವ ಆ ಮನುಷ್ಯನಿಗೆ ನಾವು ಸುತ್ತೋಲೆ ಎಂದೇ ಹೆಸರಿಟ್ಟಿದ್ದೇವೆ. ಇಂಥದ್ದನ್ನು ಇಡಬಾರದು ಎಂದು ಯಾವ ಸುತ್ತೋಲೆಯೂ ಹೇಳಿಲ್ಲವಾದ್ದರಿಂದ ಇಡಬಹುದು ಎಂದರು.

ನಿಲ್ಲಿಸುವ ಹಿಂದಿನ ದಿನ ಬೀಗಿತ್ತಿಯವರು ಬಚ್ಚಲಲ್ಲಿ ಜಾರಿಬಿದ್ದ ಸುದ್ದಿ ಬಂತು. ನೀನು ಹೊರಟುನಿಂತಾಗ ಎರಡು ಮಾತು ಬಿದ್ದವು. ಒಂದು ನೀನು ನನ್ನಿಂದ ತೆಗೆದುಕೊಂಡ ಮಾತು: "ನಾನು ಬಂದು ಕಣ್ಣಾರೆ ನೋಡೋತನಕ ಒಂದು ತಿರುಪೂ ಅಲುಗಬಾರದು." ಇನ್ನೊಂದು ನಿನ್ನ ಅತ್ತೆ ಅಡಿಗೆಮನೆಯಿಂದ ಎಸೆದದ್ದು: "ಆ ಬೊಂಬೆಗಳು ಹೋದಮೇಲೆ ಕೋಣೆ ತೊಳೆದು ಬಾಡಿಗೆಗೆ ಕೊಡೋದು. ಬಂದವರೆಲ್ಲ ಇದೇನು ಗುಜರಿ ಅಂಗಡಿನಾ ಅಂತಾರೆ." ನೀನು ಚೀಲ ಹೆಗಲಿಗೇರಿಸಿದೆ. ಆ ಮಾತು ನಿನ್ನ ಜೊತೆ ಬಸ್ಸು ಹತ್ತಿದ್ದು ನನಗೆ ಕಾಣಿಸಿತು.

ಇನ್ನು ನಿನ್ನ ಮೊದಲ ಪ್ರಶ್ನೆಗೆ ಉತ್ತರ. ನೀನು ಬರೆದುಕೊಟ್ಟ ಚಿತ್ರ ನೋಡಿಕೊಂಡು ನಿನ್ನ ಗಂಡ ಏಳನ್ನೂ ಸರಿಯಾಗಿ ನಿಲ್ಲಿಸಿದ. ಮೂರನೆಯವನ ಎಡಗಾಲು ಒಂದೇ ಸಲ ಉಲ್ಟಾ ಆಯಿತು, ಬಿಚ್ಚಿ ಕಟ್ಟಿದ. ಮಾರನೆಯ ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ, ನಿನ್ನ ಏಳನೆಯವನ ಹಿಂದೆ ನಾಲ್ಕು ಜನ ನಿಜವಾದ ಪ್ರಯಾಣಿಕರು ನಿಂತಿದ್ದಾರೆ. ಒಬ್ಬ ಹೆಂಗಸು ಮುಂದಿನವರು ಕದಲುತ್ತಿಲ್ಲವೆಂದು ಗೊಣಗಿ, ಕೊನೆಗೆ ಏಳನೆಯವನ ಭುಜ ತಟ್ಟಿ "ಸ್ವಲ್ಪ ಮುಂದೆ ಹೋಗಿಯಪ್ಪಾ" ಎಂದಳು. ತಟ್ಟಿದ ಕೈಗೆ ಕೊಡೆ ಸಿಕ್ಕಿದಾಗ ಅವಳೇ ಜೋರಾಗಿ ನಕ್ಕು, ಹಿಂದಿನವರಿಗೆಲ್ಲ ತೋರಿಸಿದಳು. ಆ ವಾರವಿಡೀ ಹೀಗೇ ಆಯಿತು. ಸುತ್ತೋಲೆಯವರು "ಈ ಸಾಲು ಟಿಕೆಟ್ಟಿಗಾಗಿ ಅಲ್ಲ" ಎಂದು ಒಂದು ಫಲಕ ಬರೆಸಿ ಹಾಕಿದರು. ಈಗ ಜನ ಫಲಕ ಓದಿ, ಆಮೇಲೆ ಬೇಕೆಂದೇ ಹಿಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಇಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ಬುಧವಾರ ಕಾವಲುಗಾರ ಒಬ್ಬನನ್ನು ರಟ್ಟೆ ಹಿಡಿದು ನನ್ನ ಕಿಟಕಿಗೆ ತಂದ. ಬೊಂಬೆಯ ಮೇಲೆ ಕೈ ಹಾಕುತ್ತಿದ್ದನೆಂದು ದೂರು. ಐವತ್ತರ ಆಸುಪಾಸಿನ ಮನುಷ್ಯ, ಉಗುರ ಸಂದಿಯಲ್ಲೆಲ್ಲ ಸಿಮೆಂಟು, ಕೈಯಲ್ಲಿ ಕರಣೆ ಇಟ್ಟ ಚೀಲ. ಗಾರೆ ಕೆಲಸದವನು. ಬಸ್ಸಿಗೆ ಕಾಯುತ್ತಾ ಸಾಲನ್ನು ನೋಡುತ್ತಿದ್ದನಂತೆ. "ನಿಮ್ಮ ನಿಲ್ದಾಣದ ಕಂಬ ನೆಟ್ಟಗಿಲ್ಲ ಸಾರ್, ಆದರೆ ಆ ಕೊನೆಯವನು ನೆಟ್ಟಗೆ ನಿಂತಿದ್ದಾನೆ. ಯಾಕೆ ಅಂತ ಹಿಂದೆ ಹೋಗಿ ನೋಡಿದೆ. ಅವನ ಬೆನ್ನಲ್ಲಿ ನೇತಾಡ್ತಿರೋದು ನನ್ನ ಗುಂಡು" ಎಂದ.

ಏಳನೆಯವನನ್ನು ನೀನು ಕಟ್ಟಿದ ಬಗೆ ಬೀಗಿತ್ತಿಯವರಿಗೆ ಹೇಳಬೇಕು. ಅವನ ಬೆನ್ನಿಗೆ ಸಿಕ್ಕಿದ್ದು ಬಾಗಿದ ಕೊಡೆಕೋಲು, ಮುಂದಕ್ಕೆ ಮುಗ್ಗರಿಸುತ್ತಿದ್ದ. ನೀನು ಅವನ ಹೆಗಲಿಗೆ ಹಳೆಯ ಚೀಲದ ಪಟ್ಟಿ ಹಾಕಿ, ಬೆನ್ನ ಹಿಂದೆ ಒಂದು ಕಬ್ಬಿಣದ ಗುಂಡನ್ನು ಇಳಿಬಿಟ್ಟೆ. ಆ ಭಾರಕ್ಕೆ ಅವನು ನೆಟ್ಟಗಾದ. ಕಾಲಿನ ತಿರುಪನ್ನು ಸ್ವಲ್ಪ ಸಡಿಲ ಬಿಟ್ಟಿದ್ದೆ, ಬಸ್ಸು ಒಳಗೆ ಬಂದಾಗ ನೆಲ ಅದುರಿ ಅವನು ಒಂಚೂರು ತೂಗಲಿ ಎಂದು. ಆ ಗುಂಡು ನನ್ನ ಕೋಣೆಯಲ್ಲಿ ಬಹಳ ಕಾಲ ಇತ್ತು; ಹರಾಜಿನಲ್ಲಿ ಯಾರೂ ಕೇಳಲಿಲ್ಲ. ನಾನು ಅದನ್ನು ಯಾವುದೋ ದೊಡ್ಡ ಬುಗುರಿ ಅಂದುಕೊಂಡಿದ್ದೆ. ಗೋಡೆ ನೆಟ್ಟಗೆ ಏಳುತ್ತಿದೆಯೋ ಇಲ್ಲವೋ ನೋಡಲು ದಾರ ಕಟ್ಟಿ ಇಳಿಬಿಡುವ ತೂಗುಗುಂಡು ಅದು ಎಂದು ಬುಧವಾರ ಗೊತ್ತಾಯಿತು.

ಅಭ್ಯಾಸಬಲ. ನಾನು ಮೂರು ಗುರುತು ಕೇಳಿದೆ. ಅವನು ಕಣ್ಣು ಮುಚ್ಚಿ ಹೇಳಿದ. ಎರಡನೇ ಮಹಡಿಯಿಂದ ಬಿದ್ದು ಒಂದು ಪಕ್ಕ ತಗ್ಗಾಗಿದೆ. ಮೊನೆ ಮುರಿದಿತ್ತು, ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದೇನೆ. ದಾರ ಕಟ್ಟುವ ತೂತಿನ ಪಕ್ಕ ಮೂರು ಗೀರಿವೆ, ಮಕ್ಕಳು ಹುಟ್ಟಿದಾಗ ಒಂದೊಂದು ಹಾಕಿದ್ದು. ಹೋಗಿ ನೋಡಿದೆ. ಮೂರೂ ಇದ್ದವು. ಬಸ್ಸಿನಲ್ಲಿ ಬಿಟ್ಟನೋ ಕೆಲಸದ ಜಾಗದಲ್ಲಿ ಬಿಟ್ಟನೋ ಅವನಿಗೇ ತಿಳಿದಿರಲಿಲ್ಲ, ಕಟ್ಟಡಗಳಲ್ಲೆಲ್ಲ ಹುಡುಕಿ ಕೈಬಿಟ್ಟಿದ್ದ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟ ಗುಂಡಂತೆ. "ಹೆಂಡತೀನ ಬೇಕಾದ್ರೆ ಎಲ್ಲಾದರೂ ಮರೆತು ಬಾ, ಗುಂಡು ಮರೆತು ಬರಬೇಡ ಅಂತಿದ್ರು ಸಾರ್. ಉಲ್ಟಾ ಮಾಡಿದೆ" ಎಂದ. ಹೊಸದು ತೆಗೆದುಕೊಂಡಿರಬೇಕಲ್ಲ ಎಂದು ಕೇಳಿದೆ. ತೆಗೆದುಕೊಂಡಿದ್ದಾನೆ. ಅದೂ ಸರಿಯಾಗೇ ತೋರಿಸುತ್ತದಂತೆ. "ಆದರೆ ನಂಬಿಕೆ ಬರಲ್ಲ. ಎರಡೆರಡು ಸಲ ನೋಡ್ತೀನಿ."

ನಾಳೆ ಬಾ ಎಂದು ಕಳಿಸಿದೆ. ಕಾನೂನಿನ ಪ್ರಕಾರ ಅವನಿಗೆ ಹಕ್ಕಿಲ್ಲ, ವರ್ಷ ಎಂದೋ ಕಳೆದಿದೆ. ನಿನಗೆ ಮಾತು ಕೊಟ್ಟವನು ನಾನು. ನಿನ್ನನ್ನೇ ಕೇಳೋಣವೆಂದರೆ ಅಂದು ಬೀಗಿತ್ತಿಯವರನ್ನು ಆಪರೇಷನ್ ಕೋಣೆಗೆ ಕರೆದೊಯ್ದ ದಿನ. ಆ ಹೊತ್ತಿನಲ್ಲಿ ನಿನಗೆ ಫೋನ್ ಮಾಡಿ ಒಂದು ಕಬ್ಬಿಣದ ಗುಂಡಿನ ಬಗ್ಗೆ ಮಾತಾಡುವಷ್ಟು ಬುದ್ಧಿ ಕೆಟ್ಟಿರಲಿಲ್ಲ. ಊಟಕ್ಕೆ ಕೂತಾಗ ನಿನ್ನ ಅತ್ತೆಗೆ ಹೇಳಿದೆ. ಅವಳು "ಮೂರೂ ಗುರುತು ಸರಿಯಾಗಿ ಹೇಳಿದನಾ?" ಎಂದು ಕೇಳಿದಳು. ಹೇಳಿದ ಎಂದೆ. "ಮತ್ತೆ ಕೊಡೋಕೆ ನಿಮಗೇನು ಧಾಡಿ?" ಎಂದು ಎದ್ದುಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತು, "ನಾಳೆ ನಾನೂ ಬರ್ತೀನಿ. ಅದೇನು ಮಹಾ ಕಟ್ಟಿದ್ದಾಳೋ ನೋಡ್ತೀನಿ" ಎಂದಳು. ಅಲ್ಲಿಯತನಕ ಅವಳು ಆ ಕಡೆ ತಲೆ ಹಾಕಿರಲಿಲ್ಲ.

ನಾನು ಧೈರ್ಯ ಮಾಡಲು ನಿನ್ನದೇ ಒಂದು ಮಾತು ಕಾರಣ. ಅಂಟು ಹಾಕಿದರೆ ಬೇಗ ಆಗುತ್ತದಲ್ಲ ಎಂದು ನಿನ್ನ ಗಂಡ ಕೇಳಿದಾಗ ನೀನು, "ಅಂಟಿಸಿದರೆ ಅದು ಬೊಂಬೆ ಮಾತ್ರ ಆಗುತ್ತೆ. ಕಟ್ಟಿದರೆ ಕೊಡೆ ಕೊಡೆಯಾಗೇ ಇರುತ್ತೆ, ಬೇಕಾದವರು ಬಿಚ್ಚಿಕೊಳ್ಳಬಹುದು" ಎಂದಿದ್ದೆ. ತಂತಿ, ತಿರುಪು, ದಾರ ಬಿಟ್ಟು ಬೇರೇನೂ ಬಳಸದೆ ಬೆರಳು ಗಾಯ ಮಾಡಿಕೊಂಡೆ. ಬಿಚ್ಚಲು ಬರುವಂತೆ ಕಟ್ಟಿದವಳು ಬಿಚ್ಚಿದ್ದಕ್ಕೆ ಕೋಪ ಮಾಡಿಕೊಳ್ಳಲಾರಳು ಎಂದುಕೊಂಡೆ. ತಪ್ಪಿದ್ದರೆ ಬೈದು ಬರೆ, ತಾಳಿಕೊಳ್ಳುತ್ತೇನೆ.

ಗುರುವಾರ ನಾವೆಲ್ಲ ಸೇರಿದೆವು. ನಿನ್ನ ಗಂಡ ಏಳನೆಯವನನ್ನು ಎದೆಗೆ ಕೈ ಕೊಟ್ಟು ಹಿಡಿದುಕೊಂಡ, ಗಾರೆಯವನು ದಾರ ಬಿಚ್ಚಿ ಗುಂಡನ್ನು ಅಂಗೈಗೆ ಇಳಿಸಿಕೊಂಡ. ನಿನ್ನ ಗಂಡ ಮೆಲ್ಲಗೆ ಕೈ ಬಿಟ್ಟ. ಏಳನೆಯವನು ಮುಂದಕ್ಕೆ ವಾಲಿ, ಆರನೆಯವಳ ಹೆಗಲ ಮೇಲೆ ಹಣೆ ಇಟ್ಟು ನಿಂತುಬಿಟ್ಟ. ಗಾರೆಯವನ ಮುಖ ನೋಡಲಾಗಲಿಲ್ಲ. ಜೀವಮಾನವಿಡೀ ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದವನು ತನ್ನ ಕೈಯಾರೆ ಒಂದನ್ನು ವಾಲಿಸಿದ್ದ. ಒಂದು ಕಲ್ಲು ಕಟ್ಟುತ್ತೇನೆ, ಅರ್ಧ ಇಟ್ಟಿಗೆ ಕಟ್ಟುತ್ತೇನೆ, ಇಲ್ಲವಾದರೆ ಗುಂಡನ್ನೇ ವಾಪಸ್ ತೆಗೆದುಕೊಳ್ಳಿ ಎಂದು ಬಡಬಡಿಸಿದ. ಸುತ್ತೋಲೆಯವರು ಇದು ನಿಲ್ದಾಣದ ಆಸ್ತಿಗೆ ಹಾನಿಯೋ ಅಲ್ಲವೋ ಎಂದು ಯೋಚನೆಗೆ ಬಿದ್ದರು. ಆಗ ನಿನ್ನ ಅತ್ತೆ ಬಾಯಿಬಿಟ್ಟಳು. "ಬಿಡಪ್ಪಾ. ಅಷ್ಟು ಹೊತ್ತು ಸಾಲಲ್ಲಿ ನಿಂತವನು ಮುಂದಿನವರ ಮೇಲೆ ಒರಗೋದು ಬೇಡವಾ?" ಎಂದಳು.

ನಾವೆಲ್ಲ ಮತ್ತೆ ನೋಡಿದೆವು. ಹೌದು, ಅವನು ನಿಂತಲ್ಲೇ ನಿದ್ದೆ ಹೋಗಿದ್ದ. ಆರನೆಯವಳು ಅವನನ್ನು ಸಹಿಸಿಕೊಂಡು ನಿಂತಂತೆ ಕಾಣುತ್ತಿದ್ದಳು. ಅದುವರೆಗೆ ಏಳು ಜನ ಒಬ್ಬರಿಗೊಬ್ಬರು ಗೊತ್ತಿಲ್ಲದವರಾಗಿದ್ದರು ಮಗಳೇ, ಆ ಕ್ಷಣಕ್ಕೆ ಇಬ್ಬರಾದರೂ ಒಂದೇ ಮನೆಯವರಾದರು. ನಾನು ಕಲೆ ಬಲ್ಲವನಲ್ಲ. ನೀನು ಬಂದು ನೋಡಿ, ಬೇಡವೆನಿಸಿದರೆ ನೆಟ್ಟಗೆ ಮಾಡು. ಅಲ್ಲಿಯತನಕ ಹಾಗೇ ಬಿಟ್ಟಿದ್ದೇವೆ. ಗಾರೆಯವನಿಗೆ ಮಾತ್ರ ಸಮಾಧಾನವಿಲ್ಲ. ದಿನವೂ ಬಸ್ಸಿಗೆ ಬಂದವನು ಏಳನೆಯವನ ಮುಂದೆ ನಿಂತು, ತಲೆ ಓರೆ ಮಾಡಿ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಾನೆ.

ಅಂದು ಇನ್ನೊಂದು ಆಯಿತು. ನಾನು ನನ್ನ ಕಿಟಕಿಗೆ ಹೋಗಿ ಕೂತೆ. ಮುಂದೆ ಇಬ್ಬರಿದ್ದರು, ಅವರ ಹಿಂದೆ ನಿನ್ನ ಅತ್ತೆ ನಿಂತಿದ್ದಳು. ಮನೆಗೆ ಹೋಗಲಿಲ್ಲವೇ ಎಂದರೆ, ಮೊದಲು ಅವರದು ಮುಗಿಯಲಿ ಎಂಬಂತೆ ಮುಂದಿನವರತ್ತ ಕೈ ತೋರಿಸಿದಳು. ಸರದಿ ಬಂದಾಗ ಕಂಬಿಗೆ ಬಾಯಿ ಹತ್ತಿರ ತಂದು, "ನಂದೊಂದು ಸೌಟು ಕಳೆದಿದೆ" ಎಂದಳು. ಜನ ನೋಡುತ್ತಿದ್ದರು, ನಾನೂ ಬಿಡಲಿಲ್ಲ, ಗುರುತು ಹೇಳಿ ತಾಯಿ ಎಂದೆ. ಹಿಡಿ ಬಾಗಿದೆ, ಮೊಳೆ ಹೊಡೆಯಲು ನೀವೇ ಬಳಸಿ ಬಗ್ಗಿಸಿದ್ದು. ನೇತುಹಾಕುವ ತೂತು ಹರಿದಿದೆ. ತಳ ಒಂದು ಕಡೆ ಸವೆದಿದೆ, ನಾನು ಎಡಗೈಯಲ್ಲಿ ತಿರುವುತ್ತೇನೆ ಎಂದಳು. ಎಲ್ಲಿ ನೋಡಿದಿರಿ ಎಂದೆ. "ಮೂರನೆಯವನ ಬಲಗೈ" ಎಂದಳು. ನೀನು ಅದನ್ನು ಅಟ್ಟದಿಂದ ತೆಗೆದದ್ದು ನನಗೆ ಗೊತ್ತಿರಲಿಲ್ಲ. ಅವಳು ಇಷ್ಟು ದಿನ ಪಕ್ಕದ ಮನೆಯವರ ಮೇಲೆ ಗುಮಾನಿ ಇಟ್ಟಿದ್ದಳು. ಬಿಚ್ಚಿಸಿಕೊಡಲೇ ಎಂದು ಕೇಳಿದೆ. "ಬೇಡ. ಕೈ ಮುರಿದು ಮನೆಗೆ ತಂದರೆ ಆ ಪಾಪ ಯಾರಿಗೆ? ಅಲ್ಲೇ ಇರಲಿ. ನಂದು ಅಂತ ನಿಮಗೆ ಗೊತ್ತಿದ್ದರೆ ಸಾಕು" ಎಂದು ಹೊರಟಳು. ಹೋಗುವಾಗ ದಾರಿಯಲ್ಲಿ ಯಾರಿಗೋ ಮೂರನೆಯವನ ಕೈ ತೋರಿಸುತ್ತಿದ್ದದ್ದು ನನಗೆ ಕಂಬಿಯ ಸಂದಿಯಿಂದ ಕಾಣಿಸಿತು.

ನಿನಗೆ ಒಂದು ಮಾತು ಹೇಳಬೇಕು, ಎದುರಿಗಿದ್ದರೆ ಹೇಳಲು ಆಗುವುದಿಲ್ಲ. ಇಷ್ಟು ವರ್ಷ ನನ್ನ ಕೆಲಸದಲ್ಲಿ ಸಂತೋಷ ಇದ್ದದ್ದು ಕೊಟ್ಟ ವಸ್ತುಗಳಲ್ಲಿ ಮಾತ್ರ. ಯಾರೂ ಬಾರದೆ ಉಳಿದವನ್ನು ಪ್ರತಿ ವರ್ಷ ಗುಜರಿಯವನ ಗಾಡಿಗೆ ಸುರಿಯುವ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈ ವರ್ಷ ಆ ಗಾಡಿ ಅರ್ಧ ಖಾಲಿ ಹೋಯಿತು, ನಾನು ಹೊಟ್ಟೆತುಂಬ ಉಂಡೆ. ನನ್ನ ಕೋಣೆ ಎಲ್ಲಿದೆ ಎಂದು ಹಿಂದೆ ಜನ ಹತ್ತು ಕಡೆ ಕೇಳಬೇಕಿತ್ತು. ಈಗ "ಆ ಸಾಲಿನ ಪಕ್ಕ" ಎಂದರೆ ಸಾಕು. ಇದೆಲ್ಲ ನಿನ್ನಿಂದ ಆದದ್ದು. ಉಪಕಾರ ಎಂಬ ಮಾತು ಮನೆಯವರ ಮಧ್ಯೆ ಬರೆಯಬಾರದು, ಆದರೂ ಬರೆದಿದ್ದೇನೆ.

ನಿನ್ನ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಕೋಣೆಯ ಸಾಮಾನು ಇದ್ದಲ್ಲೇ ಇದೆ. ಆದರೆ ಗುಂಡು ಕೊಟ್ಟದ್ದಕ್ಕೆ ಏನಾದರೂ ಮಾಡಿಕೊಡುತ್ತೇನೆ ಎಂದು ಗಾರೆಯವನು ಹಟ ಹಿಡಿದಾಗ, ನಿನ್ನ ಅತ್ತೆ ಹಿತ್ತಲ ಕೋಣೆಯ ಗೋಡೆ ತೇವ ಹಿಡಿದಿದೆ, ರಜೆಯ ದಿನ ಬಂದು ನೋಡು ಎಂದಳು. ತೇವ ಇರುವ ಕೋಣೆಗೆ ಬಾಡಿಗೆದಾರರು ಬರುವುದಿಲ್ಲವಲ್ಲ. ಅವನು ಈಗ ಬಂದಿದ್ದಾನೆ. ಇಬ್ಬರೂ ಹಿಂದೆ ಇದ್ದಾರೆ, ಗೋಡೆ ಕುಟ್ಟಿ ನೋಡುವ ಸದ್ದು ಕೇಳುತ್ತಿದೆ. ನಾನು ಮುಂದಿನ ಕೋಣೆಯಲ್ಲಿ ಕೂತು ನಿನಗೆ ಇದನ್ನು ಬರೆಯುತ್ತಿದ್ದೇನೆ. ಎದ್ದು ಹೋಗಿ ಒಂದು ಮಾತು ಆಡಬೇಕು. ಪತ್ರ ಮುಗಿಸಿ ಹೋಗುತ್ತೇನೆ. ಆಗದಿದ್ದರೆ ನನ್ನ ಮಂಚ ಸರಿಸಿ ಈ ಕೋಣೆಯಲ್ಲೇ ನಿನಗೆ ಜಾಗ ಮಾಡುತ್ತೇನೆ, ಅದು ನನ್ನ ಮಾತು.

ಬೀಗಿತ್ತಿಯವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು. ಅವರು ಪೂರ್ತಿ ನಡೆಯುವತನಕ ಅಲ್ಲೇ ಇರು, ಇಲ್ಲಿಯ ಚಿಂತೆ ಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ, ಕೈಗೆ ಇನ್ನು ತಂತಿ ಚುಚ್ಚದಿರಲಿ.

ಇಂತಿ,
ನಿನ್ನ ಮಾವ

ಮರೆತಿದ್ದು: ಲಕೋಟೆ ಅಂಟಿಸಿಲ್ಲ, ಅದಕ್ಕೇ ಅವಸರದಲ್ಲಿ ಸೇರಿಸುತ್ತಿದ್ದೇನೆ. ಹಿಂದೆ ಹೋಗಿ ನೋಡಿದೆ. ನಿನ್ನ ಅತ್ತೆ ಆ ಮಂಡಿನೋವಿನಲ್ಲಿ ನಿನ್ನ ಚೀಲಗಳ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ನೀನು ಕೂರುವ ಜಾಗದಲ್ಲೇ. ಗಾರೆಯವನು ಗುಂಡು ಇಳಿಬಿಟ್ಟು ಅವಳ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಾನೆ. ಅಲ್ಲಿ ಕಿಟಕಿ ಇಡಿಸುತ್ತಾಳಂತೆ. "ಇಷ್ಟು ಕತ್ತಲಲ್ಲಿ ಅಷ್ಟು ಸಣ್ಣ ತಂತಿ ಕಟ್ಟಿದರೆ ಕಣ್ಣು ಉಳಿಯುತ್ತಾ?" ಎಂದು ನನಗೇ ಬೈದಳು, ಕತ್ತಲು ನಾನು ತಂದಂತೆ. ಬಾಡಿಗೆ ಎಂದು ನಾನು ಬಾಯಿ ತೆರೆಯುವ ಮೊದಲೇ "ಯಾವ ಬಾಡಿಗೆ?" ಎಂದಳು. ನಿನಗಿಂತ ಅವಳು ಕುಳ್ಳಿಯಾದ್ದರಿಂದ ಗೆರೆಯನ್ನು ನಾಲ್ಕು ಬೆರಳು ಮೇಲೆ ಹಾಕಿಸಿದ್ದಾಳೆ. ನಾಲ್ಕು ಸಾಕೋ, ಐದು ಬೇಕೋ, ಪತ್ರ ಕಂಡ ಕೂಡಲೇ ನಿನ್ನ ಗಂಡನಿಗೆ ಫೋನ್ ಮಾಡಿ ಹೇಳಬೇಕಂತೆ. ಮುಂದಿನ ಭಾನುವಾರ ಗೋಡೆ ಒಡೆಯುತ್ತಾರೆ.